ಒಂದು ವಾರ ಮುಟ್ಟದೆ ಇದ್ದು ಬಾ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಟೀಚರಮ್ಮನವರಿಗೆ,

ನಮಸ್ಕಾರ. ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಹದಿಮೂರು ವರ್ಷ ಬಾಯಿಗೆ ರೂಢಿಯಾದ ಮಾತು, ನೀನು ಮನೆ ಬಿಟ್ಟು ಒಂದೂವರೆ ವರ್ಷವಾದರೂ ಬಿಟ್ಟುಹೋಗಿಲ್ಲ. ಅಕ್ಷರ ನೋಡಿ ಇದು ಬೇರೆ ಯಾರದೋ ಕಾಗದ ಅಂದುಕೊಳ್ಳಬೇಡ. ನಾನು ಬರೆದ ಔಷಧಿ ಚೀಟಿ ಓದಲಾರದೆ ಅಂಗಡಿಯವರು ಮನೆಗೆ ಫೋನ್ ಮಾಡುತ್ತಿದ್ದರು, ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಈ ಕಾಗದವನ್ನು ಮಾತ್ರ ನಿನ್ನ ಮೂರನೇ ತರಗತಿಯ ಮಕ್ಕಳ ಹಾಗೆ ಒಂದೊಂದೇ ಅಕ್ಷರ ಕೂರಿಸಿ ಬರೆಯುತ್ತಿದ್ದೇನೆ. ಇದರಲ್ಲಿ ಒಂದು ಮಾತೂ ನಿನಗೆ ಬೇರೆಯಾಗಿ ಅರ್ಥವಾಗಬಾರದು.

ಸುತ್ತಿ ಬಳಸದೆ ಹೇಳುತ್ತೇನೆ. ಕರೆಂಟು ಸತ್ತದ್ದು ನಿನ್ನಿಂದಲ್ಲ.

ಅವನನ್ನು ಆ ಹೆಸರಿನಿಂದ ಕರೆದು ಎಷ್ಟು ದಿನವಾಯಿತು! ಮನೆಯಲ್ಲಿ ಯಾವ ಸ್ವಿಚ್ಚು ಕೆಟ್ಟರೂ ನಿನ್ನ ತಮ್ಮ ಉಪಕರಣದ ಚೀಲ ಹೆಗಲಿಗೇರಿಸಿಕೊಂಡು "ಅಕ್ಕಾ, ಕರೆಂಟು ಬಂತು!" ಎಂದು ಬಾಗಿಲಲ್ಲೇ ಕೂಗುತ್ತಿದ್ದ. ಒಂದು ದಿನ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ. ನೋವಿಗೆ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು. ಬೆನ್ನು ಕೂಡಿಕೊಂಡಿತು, ಮಾತ್ರೆ ಅಂಟಿಕೊಂಡಿತು.

ಆ ಸೋಮವಾರ ಅವನು ನಿನ್ನ ಶಾಲೆಯ ಗೇಟಿಗೆ ಬಂದು ನಿಂತಾಗ, ಮಕ್ಕಳೆದುರು ಅವನ ತೊದಲು ಮಾತಿಗೆ ನಾಚಿ, ಇನ್ನು ಇಲ್ಲಿಗೆ ಬರಬೇಡ ಎಂದು ನೀನು ಹೇಳಿ ಕಳಿಸಿದೆ. ಮುಂದಿನ ಭಾನುವಾರ ಬೆಳಿಗ್ಗೆ ಅವನು ತನ್ನ ಬಾಡಿಗೆ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ. ಇವೆರಡನ್ನೂ ನೀನು ಒಂದೇ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೀಯ. ಪೋಣಿಸಿಕೊಟ್ಟವನು ನಾನು. ಜಗಳದ ದಿನ, "ಗೇಟಿಂದ ಅಟ್ಟಿದ್ದು ನೀನಲ್ವಾ?" ಎಂದು ಕೇಳಿದೆ. ನೀನು ಎರಡು ಚೀಲ ತುಂಬಿಕೊಂಡು ಗೆಳತಿಯ ಮನೆಗೆ ಹೊರಟುಹೋದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಗೇಟಿನಿಂದ ಹೋದವನು ಮರುದಿನ, ಮಂಗಳವಾರ, ನನ್ನ ಕ್ಲಿನಿಕ್ಕಿಗೆ ಬಂದಿದ್ದ.

ಅಂದು ಬೆಂಚುಗಳೆಲ್ಲ ತುಂಬಿದ್ದವು. ತೂಕದ ಯಂತ್ರದ ಪಕ್ಕದ ಮೂಲೆಯಲ್ಲಿ ಎರಡು ಗಂಟೆ ಕೂತಿದ್ದನಂತೆ. ಸರದಿ ತಪ್ಪಿಸಿ ಒಳಗೆ ಬರಲಿಲ್ಲ, ಡಾಕ್ಟ್ರು ನನ್ನ ಭಾವ ಎಂದು ಕಾಯುತ್ತಿದ್ದವರಲ್ಲಿ ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಒಳಗೆ ಬಂದಾಗ ಮೂಗು ಸೋರುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ. ಸೆಕೆಯಲ್ಲೂ ತೋಳಿನ ಮೇಲೆ ರೋಮವೆಲ್ಲ ನಿಂತಿತ್ತು.

"ಭಾವ, ನನ್ನ ಕೈಲಿ ಆಗ್ತಿಲ್ಲ. ಬೆನ್ನು ನೋವು ಹೋಗಿ ವರ್ಷ ಆಯ್ತು, ಮಾತ್ರೆ ಮಾತ್ರ ಹೋಗ್ತಿಲ್ಲ," ಎಂದ. ಆ ಸ್ಥಿತಿಯಲ್ಲೂ ತನ್ನ ಮಾತಿಗೆ ತಾನೇ ನಕ್ಕ.

ನಾನು ನಗಲಿಲ್ಲ. ಹಿಂದಿನ ರೋಗಿಯ ಚೀಟಿಯಿಂದ ಕಣ್ಣು ಕೂಡ ತೆಗೆಯಲಿಲ್ಲ. "ಒಂದು ವಾರ ಮುಟ್ಟದೆ ಇದ್ದು ಬಾ. ಆಗ ನೋಡೋಣ. ಹೊರಗೆ ನಿಜವಾದ ರೋಗಿಗಳು ಕಾಯ್ತಿದಾರೆ," ಎಂದೆ.

"ಆಯ್ತು ಭಾವ," ಎಂದು ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿ, "ಬಂದಿದ್ದೆ ಅಂತ ಅಕ್ಕನಿಗೆ ಹೇಳ್ಬೇಡಿ, ಸುಮ್ನೆ ಬೇಜಾರು ಮಾಡ್ಕೋತಾಳೆ," ಎಂದ. ನಾನು ಹೇಳಲಿಲ್ಲ. ಅವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನು ಬಂದದ್ದು ಒಂದೇ ಸಲ, ಐದು ನಿಮಿಷ. ಅದನ್ನೇನು ದೊಡ್ಡದು ಮಾಡುವುದು ಎಂದೂ ಅಂದುಕೊಂಡೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದರೆ, ಹೋದ ನವೆಂಬರಿನಲ್ಲಿ ಒಬ್ಬ ಹೆಂಗಸು ಬಂದರು. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಟೈಲರ್. ಹೊಟ್ಟೆಯ ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆಯನ್ನು ಎರಡು ವರ್ಷದಿಂದ ಬಿಡಲಾಗಿರಲಿಲ್ಲ. ಮಾತ್ರೆಯ ಖಾಲಿ ಸ್ಟ್ರಿಪ್ಪೊಂದನ್ನು ಮೇಜಿನ ಮೇಲಿಟ್ಟು, "ಸೂಜಿಗೆ ದಾರ ಪೋಣಿಸೋಕೂ ಇದು ಬೇಕು ಡಾಕ್ಟ್ರೇ," ಎಂದರು. ಅದೇ ಆಕಳಿಕೆ, ರೋಮ ನಿಂತ ಅದೇ ತೋಳು. "ಒಂದು ವಾರ" ಎಂಬ ಮಾತು ನನ್ನ ಗಂಟಲಿನವರೆಗೂ ಬಂದು ನಿಂತಿತು. ಅದರ ಬದಲು ಏನು ಹೇಳಬೇಕು ಎಂಬುದು, ಇಪ್ಪತ್ತೆರಡು ವರ್ಷ ಸ್ಟೆತಸ್ಕೋಪು ನೇತುಹಾಕಿಕೊಂಡು ಓಡಾಡಿದ ನನಗೆ ಗೊತ್ತಿರಲಿಲ್ಲ.

ಅವರನ್ನು ಕೂರಿಸಿ ಹೊರಗೆ ಬಂದು ಸಿಸ್ಟರನ್ನು ಕೇಳಿದೆ: ಇಂಥವರಿಗೆ ಏನು ಮಾಡಬೇಕು ಅಂತ ಎಲ್ಲಾದರೂ ಬರೆದಿದೆಯೇ? ಅವರು ನನ್ನ ಕೋಣೆಯ ಕಿಟಕಿಯ ಹತ್ತಿರ ಹೋದರು. ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಕಿಟಕಿಯ ಸಂದಿಗೆ ದಪ್ಪ ಕಂದು ಲಕೋಟೆಯೊಂದನ್ನು ಮಡಿಸಿ ತುರುಕಿದ್ದೆವು. ಅದನ್ನು ಎಳೆದು ತಂದು ಕೈಗಿಟ್ಟರು. ಒಡೆದಿರಲಿಲ್ಲ. ಒಳಗೆ ಚಟಕ್ಕೆ ಸಿಕ್ಕಿದ ರೋಗಿಗಳನ್ನು ನೋಡುವ ವೈದ್ಯರಿಗೆ, ದಾದಿಯರಿಗೆ ಎಂದೇ ಮಾಡಿದ ಕೈಪಿಡಿ, ಕೇಳಬೇಕಾದ ಪ್ರಶ್ನೆಗಳ ಹಾಳೆ, ಗೋಡೆಗೆ ಅಂಟಿಸುವ ಪಟ, ಅನುಮಾನ ಬಂದರೆ ಪರಿಣತರನ್ನು ಕೇಳಲು ಒಂದು ಫೋನ್ ನಂಬರು. ಲಕೋಟೆಯ ಮೇಲಿನ ಅಂಚೆ ಮುದ್ರೆಯ ತಾರೀಖು ನೋಡಿದೆ. ಕರೆಂಟು ಬಂದ ಆ ಮಂಗಳವಾರಕ್ಕಿಂತ ನಾಲ್ಕು ತಿಂಗಳು ಹಿಂದಿನದು. ಅವನು ನನ್ನೆದುರು ನಡುಗುತ್ತ ಕೂತಿದ್ದಾಗ ಅದು ಅವನ ಬೆನ್ನ ಹಿಂದೆಯೇ ಇತ್ತು.

ಹದಿನೇಳನೇ ಪುಟವನ್ನು ನಿಂತೇ ಓದಿದೆ. ಕೆಲವು ದಿನ ಮಾತ್ರೆ ಬಿಟ್ಟವರ ಮೈ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ, ತಡೆಯಲಾರದೆ ಮತ್ತೆ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು ಎಂದಿತ್ತು. ಆದ್ದರಿಂದ ಬಿಟ್ಟು ಬನ್ನಿ ಎಂದು ಯಾರನ್ನೂ ಕಳಿಸಬೇಡಿ, ಬಂದ ದಿನವೇ ಚಿಕಿತ್ಸೆ ಶುರುಮಾಡಿ ಎಂದಿತ್ತು.

ನಿನಗೆ ನೆನಪಿದೆಯಾ, ಅವನ ಮನೆಯೊಡತಿ ಹೇಳಿದ್ದು? "ನಾಲ್ಕು ದಿನ ಕಂಬಳಿ ಹೊದ್ದು ನಡುಗ್ತಿದ್ದ, ಜ್ವರ ಅಂದ್ಕೊಂಡೆ." ಪೋಸ್ಟ್‌ಮಾರ್ಟಂ ವರದಿಯನ್ನು ಅವನ ಔಷಧಿ ಚೀಟಿಗಳ ಜೊತೆಗಿಟ್ಟು ಓದಿದ್ದು ನಾನೊಬ್ಬನೇ. ಅವನು ಕೊನೆಗೆ ನುಂಗಿದ್ದು ದಿನವೂ ನುಂಗುತ್ತಿದ್ದಷ್ಟೇ, ಒಂದು ಮಾತ್ರೆಯೂ ಹೆಚ್ಚಿಲ್ಲ. ಬದುಕು ಸಾಕಾಗಿ ಹಾಗೆ ಮಾಡಿಕೊಂಡ ಎಂದು ನೀನು ನಂಬಿದ್ದೀಯ. ಅವನು ಸಾಯಲು ನುಂಗಿದ್ದಲ್ಲ. ನಾನು ಹೇಳಿದ್ದನ್ನು ನಾಲ್ಕು ದಿನ ಚಾಚೂ ತಪ್ಪದೆ ಮಾಡಿದ್ದ. ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ ರೋಗಿ ಈ ಇಪ್ಪತ್ತೆರಡು ವರ್ಷದಲ್ಲಿ ಇನ್ನೊಬ್ಬನಿಲ್ಲ.

ಆ ನಂಬರಿಗೆ ಫೋನ್ ಮಾಡಿದೆ. ವಯಸ್ಸಾದ ಡಾಕ್ಟರಮ್ಮ ಎತ್ತಿಕೊಂಡರು. ಟೈಲರ್‌ಗೆ ಯಾವ ಔಷಧಿ, ಎಷ್ಟು, ಯಾವಾಗ ಎಂದು ಮಗುವಿಗೆ ಕೈಹಿಡಿದು ತಿದ್ದಿಸುವ ಹಾಗೆ ಹೇಳಿಕೊಟ್ಟರು. ಕೊನೆಗೆ, "ಮೊದಲು ಇಂಥವರು ಬಂದಾಗ ಏನ್ ಮಾಡ್ತಿದ್ರಿ?" ಎಂದು ಕೇಳಿದರು. ವಾಪಸ್ ಕಳಿಸುತ್ತಿದ್ದೆ ಎಂದೆ.

"ಯಾರಾದ್ರೂ ನೆನಪಿದಾರಾ?"

"ಒಬ್ಬ. ನನ್ನ ಹೆಂಡತಿಯ ತಮ್ಮ."

"ನಿಮ್ಮ ಹೆಂಡತಿಗೆ ಹೇಳಿದೀರಾ?" ಎಂದರು. ಇಲ್ಲ ಎಂದೆ. "ಮೊದಲು ಈ ಹೆಂಗಸನ್ನ ನೋಡ್ಕೊಳ್ಳಿ. ಆಮೇಲೆ ಅವರಿಗೂ ಹೇಳಿ, ಡಾಕ್ಟ್ರೇ," ಎಂದು ಫೋನ್ ಇಟ್ಟರು. ಅದಾಗಿ ನಾಲ್ಕು ತಿಂಗಳು. ಹೇಡಿಗೆ ಕಾಲ ಸಾಲುವುದೇ ಇಲ್ಲ.

ಟೈಲರ್ ದಿನಾ ಬೆಳಿಗ್ಗೆ ಬಂದು, ನಾಲಗೆ ಕೆಳಗಿಡುವ ಮಾತ್ರೆ ಕರಗುವವರೆಗೆ ಸಿಸ್ಟರ್ ಎದುರು ಬಾಯಿ ಮುಚ್ಚಿ ಕೂರುತ್ತಿದ್ದರು. "ಇಷ್ಟು ಹೊತ್ತು ಮಾತಾಡದೆ ಕೂತಿದ್ದು ಹುಟ್ಟಿದ ಮೇಲೆ ಇದೇ ಮೊದಲು," ಎಂದು ಆಮೇಲೆ ನಗುತ್ತಿದ್ದರು. ಜನವರಿಯಲ್ಲಿ ಒಂಬತ್ತು ದಿನ ಕಾಣಲಿಲ್ಲ. ಹತ್ತನೇ ದಿನ ಬಾಗಿಲಾಚೆಯೇ ನಿಂತು, "ಬೈತೀರ ಅಂತ ಗೊತ್ತು. ಮತ್ತೆ ತಗೊಂಡೆ," ಎಂದರು.

"ಬಂದ್ರಲ್ಲ, ಸಾಕು. ಒಳಗೆ ಬಂದು ಕೂತ್ಕೊಳ್ಳಿ," ಎಂದೆ. ಎಷ್ಟು ಸುಲಭದ ಮಾತು! ಹೇಳಲು ಎರಡು ಕ್ಷಣ ಹಿಡಿಯಲಿಲ್ಲ. ಅವರು ಅತ್ತರು. ನಾನು ಕೈ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ನಿಂತೆ.

ಅವರು ಈಗ ಮತ್ತೆ ಹೊಲಿಯುತ್ತಿದ್ದಾರೆ. ಮೊನ್ನೆ ನನ್ನ ಬಿಳಿ ಕೋಟಿನ ಹರಿದ ತೋಳು ನೋಡಿ, "ಇದನ್ನ ಹೊಲಿಯೋಕೆ ಮನೇಲಿ ಯಾರೂ ಇಲ್ವಾ?" ಎಂದು ಬಿಚ್ಚಿಸಿಕೊಂಡು ಹೋದರು. ಅವರಂಥವರು ಈಗ ಆರು ಜನ ಬರುತ್ತಾರೆ. ಎಲ್ಲರೂ ಉಳಿಯುತ್ತಾರೆ ಎಂದು ಹೇಳಲಾರೆ. ಒಬ್ಬ ಬಡಗಿ ಡಿಸೆಂಬರಿನ ನಂತರ ಬರಲೇ ಇಲ್ಲ. ಹುಡುಕಿಕೊಂಡು ಮನೆಗೆ ಹೋದರೆ ಬೀಗ ಹಾಕಿತ್ತು. ಯಾರನ್ನು ಉಳಿಸಿದರೂ ನಿನ್ನ ತಮ್ಮನ ಜಾಗ ತುಂಬುವುದಿಲ್ಲ. ಹಾಗೆ ತುಂಬುತ್ತದೆ ಎಂದು ನಾನು ಅಂದುಕೊಂಡೂ ಇಲ್ಲ.

ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ ಇದು, ವಾಪಸ್ ಬಾ ಎಂದು ಕರೆಯಲೂ ಅಲ್ಲ. ನೀನು ದಿನವೂ ಆ ಗೇಟು ದಾಟಿ ಪಾಠಕ್ಕೆ ಹೋಗಬೇಕಾದವಳು. ಅದನ್ನು ತಪ್ಪಿಸಿ ಹಿಂದಿನ ಸಣ್ಣ ಬಾಗಿಲಿನಿಂದ ಸುತ್ತು ಹಾಕಿಕೊಂಡು ಹೋಗುತ್ತೀಯ ಎಂದು ನಿನ್ನ ಗೆಳತಿ ಹೇಳಿದರು. ಇನ್ನು ಹಾಗೆ ಹೋಗಬೇಡ. ನೀನು ಒಂದು ದಿನ ಸಿಟ್ಟಿನಲ್ಲಿ ಗದರಿದೆ, ಅಕ್ಕಂದಿರು ಗದರುತ್ತಾರೆ. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನನ್ನ ಮುಂದೆ ಕೂತಾಗಲೂ ನಿನಗೆ ಬೇಜಾರಾದೀತು ಎಂಬುದೇ ಅವನ ಚಿಂತೆ.

ಆರೋಗ್ಯ ನೋಡಿಕೋ.

ಇಂತಿ,
ನಿನ್ನ ತಮ್ಮನ ಭಾವ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಒಡೆದೆ. ಅವನು ಒಂದೇ ಸಲ ಬಂದಿದ್ದ ಎಂದು ಮೇಲೆ ಬರೆದದ್ದು ಸುಳ್ಳು. ಶನಿವಾರ ಬೆಳಿಗ್ಗೆಯೂ ಬಂದಿದ್ದ. ಸಿಸ್ಟರ್ ಒಳಗೆ ಬಂದು, "ನಿಮ್ಮ ಬಾಮೈದ ಬಂದಿದಾರೆ. ನಾಲ್ಕು ದಿನ ಆಯ್ತಂತೆ, ಐದನೇದು ಆಗ್ತಿಲ್ವಂತೆ," ಎಂದರು. ಡಾಕ್ಟ್ರು ಇಲ್ಲ ಅಂತ ಹೇಳಿ ಎಂದೆ. ನನ್ನ ಸ್ಕೂಟರು ಬಾಗಿಲಲ್ಲೇ ನಿಂತಿತ್ತು. ಅವನು ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, "ಪರವಾಗಿಲ್ಲ ಸಿಸ್ಟರ್. ಭಾವ ಬಂದ್ಮೇಲೆ, ನಾಲ್ಕು ದಿನ ಇದ್ದೆ ಅಂತ ಹೇಳಿ," ಎಂದು ಹೊರಟುಹೋದನಂತೆ.