ಸತ್ತವನ ಬಾಯಿಗೆ ಬೆಲ್ಲ

ರಾಣೇಬೆನ್ನೂರು
೧೨-೨-೨೦೨೫

ಪ್ರೀತಿಯ ತಮ್ಮ ಉಡಚಪ್ಪನಿಗೆ,

ನಿನ್ನಕ್ಕನ ಆಶೀರ್ವಾದ. ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಎರಡು ತಿಂಗಳಿಂದ ನಿನ್ನ ಫೋನು ಬಂದ್ ಇದೆ, ಅದಕ್ಕೇ ಈ ಕಾಗದ. ನಾಟಕ ಕಂಪನಿಯಲ್ಲಿ ನಿನಗೆ ಬಣ್ಣ ಹಚ್ಚುತ್ತಿದ್ದ ಅಬ್ದುಲರಜಾಕ ನಾಳೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದದೆ ಹರಿದು ಹಾಕಿದರೆ ಈ ಮೊಣಕಾಲು ನೋವಿನಲ್ಲೇ ಬಂದು ಕಿವಿ ಹಿಂಡುತ್ತೇನೆ.

ಅವ್ವ ಹಾಸಿಗೆ ಹಿಡಿದಿದ್ದಾಳೆ. ಧಾರಾವಾಹಿಯಲ್ಲಿ ನಿನ್ನ ಗೌಡನ ಪಾತ್ರ ಸತ್ತು, ನಿನ್ನ ಫೋಟೋಕ್ಕೆ ಹಾರ ಹಾಕಿ ತೋರಿಸಿದರಲ್ಲ, ಅವತ್ತಿನಿಂದ. ಅವಳಿಗೇನೂ ಹುಚ್ಚು ಹಿಡಿದಿಲ್ಲ, ನೀನು ಬದುಕಿದ್ದೀ ಎಂದು ಚೆನ್ನಾಗಿ ಗೊತ್ತು. ಆದರೆ ನಮ್ಮ ಕಂಪನಿಯ ರೂಢಿ ಮರೆತೆಯಾ? ನಾಟಕದಲ್ಲಿ ಸತ್ತವನು ಮಂಗಳದ ಹಾಡಿಗೆ ಎಲ್ಲರಿಗಿಂತ ಮುಂದೆ ಎದ್ದು ನಿಲ್ಲಬೇಕು. ಕಂಪನಿಗೆ ಅಡುಗೆ ಮಾಡುತ್ತಿದ್ದ ಅವ್ವ ಅವನ ಬಾಯಿಗೆ ಬೆಲ್ಲ ಹಾಕಬೇಕು. ಆಮೇಲೇ ಎಲ್ಲರ ಊಟ. "ಇನ್ನೂ ಎದ್ದಿಲ್ಲೇನು ಅವಾ? ಬೆಲ್ಲ ತಿಂದಿಲ್ಲಲ್ಲ" ಎಂದು ದಿನಾ ಕೇಳುತ್ತಾಳೆ.

ನೀನು ಬ್ಯಾಡಗಿ ಕ್ಯಾಂಪಿನಲ್ಲಿ ಪರದೆಯ ಹಿಂದೆ ಹುಟ್ಟಿದವನು. ಆರು ತಿಂಗಳಿಗೇ ಕೂಸಿನ ಪಾತ್ರ, ಇಪ್ಪತ್ತಕ್ಕೆ ನಾಯಕ. ಮೆಣಸಿನಕಾಯಿ ಘಾಟಿಗೆ ಜನ ಕೆಮ್ಮುತ್ತಿದ್ದರೂ ನಿನ್ನ ಮಾತು ಕೊನೆಯ ಸಾಲಿಗೆ ಮುಟ್ಟುತ್ತಿತ್ತು. ಟೆಂಟಿಗೆ ಜನ ಬರುವುದು ನಿಂತ ಮೇಲೆ ಟೀವಿಗೆ ಹೋದೆ, ಎಂಟು ವರ್ಷ ಗೌಡನಾದೆ. ಮೋಟೆಬೆನ್ನೂರಿನ ಬಸ್ಸಿನಲ್ಲಿ "ಗೌಡ್ರ ಅಕ್ಕಾರು, ಕುಂದ್ರಿ" ಎಂದು ಹೆಂಗಸರು ನನಗೆ ಜಾಗ ಬಿಡುತ್ತಿದ್ದರು. ನನಗೂ ಸ್ವಲ್ಪ ಸೊಕ್ಕು ಬಂದಿತ್ತು, ಸುಳ್ಳೇಕೆ ಹೇಳಲಿ.

ನಾನೊಂದು ತಪ್ಪು ಮಾಡಿದೆ. ಅವ್ವನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಿನ್ನ ಜೊತೆ ಪಾರ್ಟು ಮಾಡುತ್ತಿದ್ದ ಪ್ರಭುಲಿಂಗಪ್ಪ ನಿನ್ನ ಧ್ವನಿ ತೆಗೆಯುತ್ತಾನಲ್ಲ, ಅವನನ್ನು ಕುಮಾರಪಟ್ಟಣದಿಂದ ಕರೆಸಿ, ನಿನ್ನ ಹಳೆಯ ಅಂಗಿ ತೊಡಿಸಿ ಮಂಚದ ಮುಂದೆ ನಿಲ್ಲಿಸಿದೆ. "ಅವ್ವಾ, ನಾ ಬಂದೇನಿ" ಅಂದ. ಥೇಟ್ ನೀನೇ. ಅವ್ವ ಅವನ ಬಾಯಿಗೆ ಬೆಲ್ಲ ಹಾಕಿದಳು, ಗಲ್ಲ ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, "ಪಾರ್ಟ ಛಲೋ ಮಾಡ್ಯಾನ. ಉಣ್ಣಾಕ ಹಾಕಿ ಕಳಸು. ನನ್ನ ಮಗಾ ಎಲ್ಲಿ?" ಎಂದಳು. ಪ್ರಭುಲಿಂಗಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಅತ್ತ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತಿನಿಂದ ಅವ್ವ ನನ್ನ ಕೈಯಿಂದ ಏನೂ ತಿನ್ನುತ್ತಿಲ್ಲ. ನನ್ನ ಸೊಸೆ ಶ್ವೇತಾ ಕೊಟ್ಟರೆ ಎರಡು ಚಮಚ ಗಂಜಿ, ಅಷ್ಟೇ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ಎಲ್ಲಿದ್ದರೂ ದೇವರು ನಿನ್ನನ್ನು ಕಾಯಲಿ. ಶ್ವೇತಾ ನಮಸ್ಕಾರ ಹೇಳಿದ್ದಾಳೆ.

ನಿನ್ನಕ್ಕ,
ಪ್ರೇಮವ್ವ

ತಾ.ಕ.: ಇದನ್ನು ಬರೆದಿಟ್ಟ ಮೇಲೆ ನಿನ್ನೆ ರಾತ್ರಿ ರಜಾಕ ಬಂದು ಎಲ್ಲ ಹೇಳಿದ, ಬೆಂಗಳೂರಿನಲ್ಲಿ ನಿನ್ನನ್ನು ಕಂಡಿದ್ದನಂತೆ. ಲಕ್ವಾ ಹೊಡೆದು ನಿನ್ನ ಬಾಯಿ ಸೊಟ್ಟಗಾಗಿದೆಯಂತೆ, ಮಾತು ತೊದಲುತ್ತದಂತೆ. ಗೌಡನನ್ನು ಸಾಯಿಸಿದ್ದೂ ಅದಕ್ಕೇ, ನೀನು ಅಡಗಿ ಕೂತದ್ದೂ ಅದಕ್ಕೇ. ಡಾಕ್ಟರು ಅವ್ವನಿಗೆ ಇನ್ನು ನಾಲ್ಕೈದು ದಿನ ಅಂದಿದ್ದಾರೆ. ರಜಾಕನ ಜೊತೆಗೇ ಹೊರಟು ಬಾ. ಇವತ್ತು ಬೆಳಿಗ್ಗೆ ಅವಳಿಗೂ ನಿನ್ನ ಸಂಗತಿ ಹೇಳಿಬಿಟ್ಟೆ. ಕೇಳಿದವಳೇ, "ಹಂಗಾರ ಬೆಲ್ಲ ಕುಟ್ಟಿ ಪುಡಿ ಮಾಡು. ಅವಂಗ ಅಗಿಯಾಕ ಆಗೂದಿಲ್ಲ" ಎಂದಳು. ಪುಡಿ ಮಾಡಿ ಕೈಗೆ ಕೊಟ್ಟೆ. ಆಗಿನಿಂದ ಮುಷ್ಟಿ ಬಿಚ್ಚಿಲ್ಲ.