ತೊಗಟೆಯ ಅಂಚು ಹಿಡಿದು

ದೇವದುರ್ಗ
ಗುರುವಾರ, ೧೪ ನವೆಂಬರ್ ೨೦೨೪

ಪ್ರೀತಿಯ ಸೊಸೆ ಮೌನೇಶ್ವರಿಗೆ,

ನಿನ್ನ ಮಾವ ವೆಂಕೋಬ ದೂರದಿಂದಲೇ ತಲೆ ಮೇಲೆ ಕೈಯಿಟ್ಟು ಹರಸಿ ಬರೆಯುವುದು. ಹೇಗಿದ್ದೀ? ಕುರ್ಡಿಯಲ್ಲಿ ನಿಮ್ಮ ಅವ್ವನ ಮೊಣಕಾಲು ನೋವು ಇಳಿಯಿತೇ? ರಾತ್ರಿ ಮಲಗುವ ಮುಂಚೆ ಎಣ್ಣೆ ಬಿಸಿ ಮಾಡಿ ತಿಕ್ಕು. ನಿಮ್ಮ ಕಡೆ ಭತ್ತದ ಕೊಯ್ಲು ಶುರುವಾಯಿತೆಂದು ನಿನ್ನ ಗಂಡ ಉಮೇಶ ಹೇಳಿದ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನಿನ್ನ ಅತ್ತೆ ಬಸ್ಸಮ್ಮ ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತು ದಿನವಾಯಿತು. ರೊಟ್ಟಿ ಮಾತ್ರ ಹೊತ್ತಿಗೆ ಸರಿಯಾಗಿ ಇಡುತ್ತಾಳೆ, ಅದೂ ತಟ್ಟೆ ಸಪ್ಪಳ ಮಾಡಿ. ನಿನಗೆ ಫೋನ್ ಮಾಡಬಹುದಿತ್ತು. ಆದರೆ ನನ್ನ ಸಿಟ್ಟು ನಿನಗೆ ಗೊತ್ತಿದ್ದದ್ದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಗದವಾದರೆ ಬರೆದದ್ದನ್ನು ಹೊಡೆದು ಹಾಕಬಹುದು. ಇದು ಮೂರನೆಯ ಹಾಳೆ.

ನಲವತ್ತು ವರ್ಷ ಬಾಗಿಲು, ಚೌಕಟ್ಟು, ಮಂಚ ಮಾಡಿದವನು ನಾನು. ಸೊಟ್ಟ ಇದ್ದದ್ದನ್ನು ನೆಟ್ಟಗೆ ಮಾಡುವುದೇ ಬಡಿಗನ ಕೆಲಸವೆಂದು ನಮ್ಮಪ್ಪ ನನಗೆ ಕಲಿಸಿದ, ನಾನು ಉಮೇಶನಿಗೆ ಕಲಿಸಿದೆ. ನೀನು ಬೇವಿನ ದಿಮ್ಮಿಯನ್ನು ಉದ್ದಕ್ಕೆ ಸೀಳಿಸಿ, ಹಲಗೆಗಳನ್ನು ಅಂಚಿನ ತೊಗಟೆ ಸಮೇತ ಮನೆಗೆ ತಂದು, ಹುಲಿ-ಕುರಿ ಆಟದ ಮಣೆ ಮಾಡುತ್ತೇನೆ ಎಂದಾಗ ನಕ್ಕಿದ್ದೆ. "ಇದು ಮಣಿ ಏನು, ಕಾಮಣ್ಣನ ಕಟ್ಟಿಗಿ ಏನು?" ಎಂದು ಓಣಿಯವರ ಮುಂದೆಯೇ ಅಂದಿದ್ದೆ. ನೀನು ಹಲಗೆಯ ತುದಿಗಳು ಬಿರಿಯಬಾರದೆಂದು ಮೇಣ ಸವರಿ, ನಡುನಡುವೆ ಪಟ್ಟಿ ಇಟ್ಟು ಪೇರಿಸಿ, ವಾರಕ್ಕೊಮ್ಮೆ ಮಗ್ಗುಲು ಬದಲಿಸುತ್ತಾ ನೆರಳಿನಲ್ಲಿ ಎಂಟು ತಿಂಗಳು ಒಣಗಿಸಿದೆ. ಬಾಣಂತಿಯನ್ನೂ ಯಾರೂ ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ.

ಜಗಳವಾದ ಆ ದಿನ ನೀನು ಸಂತೆಗೆ ಹೋಗಿದ್ದೆ. ಎಲ್ಲಕ್ಕಿಂತ ದೊಡ್ಡ ಹಲಗೆ ಅಂಗಳದಲ್ಲಿತ್ತು, ಅದರ ಮೇಲೆ ನಿನ್ನ ಪೆನ್ಸಿಲ್ ಗೆರೆ. ಸೊಸೆ ಬರುವುದರೊಳಗೆ ಒಂದು ಉಪಕಾರ ಮಾಡೋಣ ಎನಿಸಿತು. ದೇವರಾಣೆ, ಉಪಕಾರ ಎಂದೇ ಎನಿಸಿತು. ಎರಡೂ ಕಡೆಯ ತೊಗಟೆ ಕೊಯ್ದು, ಮೂಲಮಟ್ಟ ಇಟ್ಟು ಚೌಕ ಮಾಡಿ, ಮೈಮೇಲೆ ಅರ್ಧ ಬೆರಳು ದಪ್ಪ ರಂದ ಹೊಡೆದು ನುಣ್ಣಗೆ ಮಾಡಿದೆ. ನಿನ್ನ ಗೆರೆಗಳನ್ನು ಅಳತೆ ಹಿಡಿದು ಮತ್ತೆ ಎಳೆದು, ಬಂದೊಡನೆ ಕಾಣಲಿ ಎಂದು ಗೋಡೆಗೆ ಆನಿಸಿ ಇಟ್ಟೆ. ನೀನು ಚೀಲ ಕೆಳಗಿಟ್ಟು, ಹಲಗೆಯ ಮೇಲೆ ಕೈಯಾಡಿಸಿ ಒಂದೇ ಮಾತು ಅಂದೆ: "ಮಾವಾರ, ಗುಡ್ಡ ಹೋತಲ್ರಿ." ಯಾವ ಗುಡ್ಡ ಎಂದು ನನಗೆ ತಿಳಿಯಲಿಲ್ಲ. ಹೊಗಳಿಕೆಗೆ ಕಾಯುತ್ತಿದ್ದವನು ನಾನು. ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದದ್ದು ಅಂದೆ. ಮರುದಿನ ನೀನು ತವರಿನ ಬಸ್ಸು ಹತ್ತಿದೆ.

ನೀನು ಹೋದ ಮೇಲೆ, ನಾನೂ ಒಂದು ಮಣೆ ಮಾಡಿ ತೋರಿಸುತ್ತೇನೆ ಎಂದು ಹಠ ಹಿಡಿದು ಕೂತೆ. ಆಗ ನಿನ್ನ ಗುಡ್ಡ ಕಣ್ಣಿಗೆ ಬಿತ್ತು. ಸೀಳಿದ ಬೇವಿನಲ್ಲಿ ಮರದ ಗೆರೆಗಳು ಒಂದರ ಮೇಲೊಂದು ಏರುತ್ತಾ ಹೋಗಿ ನಡುವೆ ಮೊನೆಯಾಗುತ್ತವೆ. ನೀನು ಹುಲಿ ಕೂಡುವ ಮನೆಯನ್ನು ಸರಿಯಾಗಿ ಆ ಮೊನೆಯ ಮೇಲೆ ಇಡುತ್ತಿದ್ದೆ, ಕುರಿಗಳ ಮನೆಗಳನ್ನು ಕೆಳಗೆ ಇಳಿಜಾರಿನಲ್ಲಿ. ರಂದ ಹೊಡೆದಷ್ಟೂ ಗೆರೆಗಳು ಜಾಗ ಬಿಡುತ್ತವೆ, ಮೊನೆ ಎಲ್ಲೋ ಹೋಗಿಬಿಡುತ್ತದೆ. ಇಷ್ಟು ವರ್ಷ ಮರ ಕೆತ್ತಿದವನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಅದನ್ನು ನೋಡಿ ಕೆಲಸ ಮಾಡಬೇಕೆಂಬುದು ಮಾತ್ರ ಹೊಳೆದಿರಲಿಲ್ಲ. ಎರಡು ಹಲಗೆ ಕೆಡಿಸಿದೆ, ಅವೂ ನಿನ್ನವೇ. "ಗಿಡ ಇದ್ದಾಗ ಬಗ್ಗದ್ದು ಮರ ಆದ ಮ್ಯಾಲೆ ಬಗ್ಗೀತೇನು?" ಎಂದು ಬಸ್ಸಮ್ಮ ಎಮ್ಮೆಗೆ ಹೇಳಿದಳು, ನನಗೆ ಕೇಳುವ ಹಾಗೆ.

ಮೊನ್ನೆ ಉಮೇಶನೂ ನಾನೂ ಬಾಗಿಲು ಕೂರಿಸಲು ರಾಯಚೂರಿಗೆ ಹೋಗಿದ್ದೆವು, ಉಮ್ಮೇ ಕುಲ್ಸುಮ್ ಎಂಬ ಟೀಚರ ಮನೆಗೆ. ಬಿಜಾಗರಿ ಸಾಲದೆ ಉಮೇಶ ಬಜಾರಕ್ಕೆ ಹೋದ. ಪಡಸಾಲೆಯಲ್ಲಿ ನೋಡಿದರೆ ನೀನು ಯುಗಾದಿ ಮುಂದೆ ಮಾಡಿ ಮಾರಿದ ಮಣೆ! ಅದರ ಮುಂದೆ ಟೀಚರ ವಯಸ್ಸಾದ ತಾಯಿ ಕೂತಿದ್ದರು. ಅವರಿಗೆ ಎರಡೂ ಕಣ್ಣು ಕಾಣುವುದಿಲ್ಲ. ಖಾಲಿ ಕೂತೀರಲ್ಲ, ಒಂದಾಟ ಆಡೋಣ ಬರ್ರಿ ಎಂದು ಕರೆದರು. ನನಗೆ ಹುಲಿ ಕೊಟ್ಟು ತಾವು ಕುರಿ ಹಿಡಿದರು. ಕುರುಡಿ ಮುದುಕಿ, ಸೋತುಕೊಟ್ಟರಾಯಿತು ಎಂದು ಮನಸ್ಸಿನಲ್ಲಿ ದೊಡ್ಡಸ್ತಿಕೆ ಮಾಡಿಕೊಂಡು ಕೂತೆ. ಅರ್ಧ ತಾಸಿನಲ್ಲಿ ನನ್ನ ಹುಲಿಗಳೆಲ್ಲ ಕಟ್ಟು. ನೀನು ಗೆರೆಗಳನ್ನು ಬೆರಳಿಗೆ ಸಿಗುವಷ್ಟು ಆಳ ಕೊರೆದಿದ್ದೀ, ಅದು ಸರಿ; ಆದರೆ ಎತ್ತ ಮೇಲು, ಎತ್ತ ಕೆಳಗೆ ಎಂದು ಇವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿಯೇಬಿಟ್ಟೆ. ಅವರು ತೊಗಟೆಯ ಮೇಲೆ ಬೆರಳು ಜಾರಿಸುತ್ತಾ ಅಂದರು: "ಈ ದಂಡಿ ಹಿಡದು ಹ್ವಾದ್ರ ಮಣಿ ಸಣ್ಣ ಆಗ್ಕೋತ ಹೋಗ್ತದ್ರಿ. ಸಣ್ಣ ಆದಲ್ಲಿ ಹುಲಿ ಮನಿ. ಚೌಕ ಮಣಿಗಿ ನಾಕೂ ಕಡಿ ಒಂದೇ, ನನಗ್ಯಾಕ ಬೇಕದು?"

ಯವ್ವಾ, ನಲವತ್ತು ವರ್ಷದಲ್ಲಿ ನಾನು ಮಾಡಿದ ಯಾವ ಬಾಗಿಲೂ ಒಬ್ಬರಿಗೆ ಹೀಗೆ ದಾರಿ ತೋರಿಸಿರಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು. ಕೊನೆಗೆ ಹೆಮ್ಮೆಯೇ ಹೆಚ್ಚಾಯಿತು. ಮರಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತು. ಎಲ್ಲಿ ಕೈ ತಡೆಯಬೇಕೆಂದು ನಿನಗೆ ಗೊತ್ತು.

ಉಮೇಶನ ಕೈಯಲ್ಲಿ ಅತ್ತೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದಾಳೆ. ನಿಮ್ಮ ಅವ್ವನಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು. ಉಳಿ ಹಿಡಿದ ನಿನ್ನ ಕೈಗೆ ಗಾಯವಾಗದಿರಲಿ, ಹಿಡಿದ ಕೆಲಸ ಏಳಿಗೆಯಾಗಲಿ.

ಇಂತಿ ನಿನ್ನ ಮಾವ,
ವೆಂಕೋಬ ಬಡಿಗೇರ

ತಾ.ಕ.: ಬಸ್ಸಿನ ಹೊತ್ತಾಯಿತೆಂದು ಉಮೇಶ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಆಟ ಮುಗಿದ ಮೇಲೆ ಆ ತಾಯಿ ನನ್ನ ಎರಡೂ ಕೈ ಹಿಡಿದು, ಜಡ್ಡುಗಟ್ಟಿದ ಅಂಗೈ ಸವರಿ, "ಈ ಮಣಿ ಮಾಡಿದ ಕೈ ಇವೇ ಏನ್ರಿ? ಅಲ್ಲಾ ಇವನ್ನ ಚಲೋ ಇಡ್ಲಿ" ಎಂದು ಹರಸಿ ದುವಾ ಕೊಟ್ಟರು. ನಾನು "ಹೌದ್ರಿ" ಎಂದೆ. ಚಹಾ ಕುಡಿದು ಎದ್ದು ಬಂದೆ. ಉಮೇಶನಿಗೂ ಹೇಳಿಲ್ಲ. ನಿನ್ನ ಹಲಗೆಗೆ ಮಾಡಿದ್ದು ತಪ್ಪು, ಇದು ಅದಕ್ಕಿಂತ ದೊಡ್ಡ ತಪ್ಪು. ಹಿರಿಯನೆಂದು ಮಾಫಿ ಮಾಡಬೇಡ. ಸೋಮವಾರ ಅವರ ಮನೆಗೆ ನಿಜ ಹೇಳಲು ಹೋಗುತ್ತಿದ್ದೇನೆ. ಕುರ್ಡಿಯಿಂದ ಮಾನವಿಗೆ ಬಂದು, ಅಲ್ಲಿಂದ ಬೆಳಗಿನ ಬಸ್ಸಿಗೆ ನೀನೂ ಬಾ, ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಸಂಜೆ ದೇವದುರ್ಗದ ಬಸ್ಸು ಹತ್ತುತ್ತೀಯೋ ಮಾನವಿಯದು ಹತ್ತುತ್ತೀಯೋ ನಿನಗೆ ಬಿಟ್ಟದ್ದು, ನಾನು ತುಟಿ ಎರಡು ಮಾಡುವುದಿಲ್ಲ. ಆದರೆ ಆ ದುವಾ ನಿನ್ನದು. ಅವರು ನಿನ್ನ ಕೈ ಹಿಡಿದು ಹೇಳಲಿ.