ಇಪ್ಪತ್ನಾಲ್ಕು ಡಿಗ್ರಿ

ಮೇ 5, ಸೋಮವಾರ
7.42ರ ಲೋಕಲ್ ಟ್ರೈನ್‌ನಲ್ಲಿ ವಿಂಡೋ ಸೀಟ್!! ಮದುವೆಯಾಗಿ ದಹಿಸರ್‌ಗೆ ಬಂದು ಹತ್ತೊಂಬತ್ತು ದಿನ, ಇದೇ ಮೊದಲು. ಇನ್ನೊಂದು ಖುಷಿ — ನಮ್ಮ ಕಂಪನಿಯ ದೊಡ್ಡ ಫ್ಯಾನ್ ಕೂತಿರುವುದು ವಡಾಲದ ಸುರಂಗದಲ್ಲಂತೆ. ನನ್ನ ಯಲ್ಲಾಲಿಂಗ ಕೆಲಸ ಮಾಡುವ ಸುರಂಗ! ಟೆಸ್ಟ್‌ನಲ್ಲಿ ಆ ಫ್ಯಾನಿನ ರೆಕ್ಕೆಗಳು ಗಡಗಡ ನಡುಗುತ್ತಿದ್ದವು. ಒಳಗೆ ರಬ್ಬರ್ ಪದರ ಕೂರಿಸಿ ನಡುಕವನ್ನು ಕಾಲುಭಾಗಕ್ಕೆ ಇಳಿಸಿದವಳು ನಾನು. ಅರಿಶಿನದ ಹಿಂದಿನ ದಿನ ರಿಪೋರ್ಟ್‌ಗೆ ಸೈನ್ ಹಾಕಿದ್ದೆ. ಶನಿವಾರ ಮೊದಲ ಸಲ ಫುಲ್ ಸ್ಪೀಡ್. ಆಮೇಲೆ ನನ್ನ ಗಂಡ ಉಸಿರಾಡುವುದು ನನ್ನ ಗಾಳಿ. ಸೋ ರೊಮ್ಯಾಂಟಿಕ್!

ಮೇ 6
ಅವನ ಶರ್ಟ್ ತುಂಬ ಉಪ್ಪಿನ ಬಿಳಿ ಗೆರೆ. ಸುರಂಗದಲ್ಲಿ ಅಷ್ಟು ಸೆಕೆಯಾ ಅಂದೆ.
"ಸೆಕಿ ಅಲ್ಲ ಹುಚ್ಚಿ, ಭಟ್ಟಿ! ಐವತ್ತು ಡಿಗ್ರಿ. ಹಪ್ಪಳ ಕೊಡು, ಅಲ್ಲೇ ಸುಟ್ಕೊಂಡ್ ಬರ್ತೀನಿ."
ನಕ್ಕೆ. ಬಕೆಟ್‌ನಲ್ಲಿ ಶರ್ಟ್ ಅದ್ದುತ್ತಿದ್ದ ಕೈ ಹಾಗೇ ನಿಂತಿತು.
ನಾವು ಟೆಸ್ಟ್ ಮಾಡಿದ್ದು ಎಸಿ ಲ್ಯಾಬ್‌ನಲ್ಲಿ. ಇಪ್ಪತ್ನಾಲ್ಕು ಡಿಗ್ರಿ. ಬಿಸಿಗೆ ಆ ರಬ್ಬರ್... ಓ ಗಾಡ್.

ಮೇ 7
ಲ್ಯಾಬ್‌ನಲ್ಲಿ ಉಳಿದಿದ್ದ ಒಂದು ರೆಕ್ಕೆಯನ್ನು ಹೀಟರ್ ಇಟ್ಟು ಐವತ್ತಕ್ಕೆ ಕಾಯಿಸಿದೆ. ರಬ್ಬರ್ ಸತ್ತಂತೆಯೇ. ನಡುಕ ಮೊದಲಿನಷ್ಟೇ! ಫುಲ್ ಸ್ಪೀಡ್‌ನಲ್ಲಿ ಮುರಿದು ಹಾರಬಹುದು. ರೆಕ್ಕೆಯ ತುದಿಯನ್ನೇ ಕುಡುಗೋಲಿನ ಹಾಗೆ ಬಾಗಿಸಬೇಕು, ಬಿಸಿ ತಡೆಯುವ ಬೇರೆ ಪದರ ಹಾಕಬೇಕು — ಹೊಸ ಅಚ್ಚಿಗೆ ಮೂರು ವಾರ.
ಬಾಸ್ ನಮಿತಾ ಮೇಡಂಗೆ ಹೇಳಿದರೆ ತಲೆಯನ್ನೂ ಎತ್ತಲಿಲ್ಲ. "ಶಾದಿ ಕೇ ಬಾದ್ ಸಬ್ ಡರ್ತೇ ಹೈಂ, ಬೇಟಾ. ಸೈನ್ ತೇರಾ ಹೀ ಹೈ ನಾ?" ಮದುವೆಯಾದ ಮೇಲೆ ಎಲ್ಲರೂ ಹೆದರುತ್ತಾರಂತೆ, ಸೈನ್ ನನ್ನದೇ ಅಲ್ಲವಾ ಅಂತೆ!

ಮೇ 9, ಸಂಜೆ
ಸುರಂಗದ ಚೀಫ್ ಇಂಜಿನಿಯರ್‌ಗೆ ಮೂರು ಮೇಲ್. ಉತ್ತರವಿಲ್ಲ. ಯಲ್ಲಾಲಿಂಗನ ಕೈ ಹಿಡಿದು ಹೇಳಿದೆ — ನಾಳೆ ಹೋಗಬೇಡ. ಪ್ಲೀಸ್, ಪ್ಲೀಸ್.
"ನಮ್ಮ ಸೂಪರ್‌ವೈಸರಗ ಹೇಳೀನಿ. ಹೆಂಡತಿ ಮಾತು ಮನ್ಯಾಗ ಇಟ್ಕೋ ಅಂದ. ನಾ ಒಬ್ಬಾವ ಉಳಿದ್ರ ಆತೇನು? ಕೆಳಗ ಇನ್ನೂ ಹನ್ನೊಂದು ಮಂದಿ ಅದಾರ. ಅವರ ಹೆಂಡ್ರು ಇಂಜಿನಿಯರ್ ಅಲ್ಲ."

ಮೇ 10, ಬೆಳಗ್ಗೆ 9.10
ವಡಾಲ. ಸುರಂಗದ ಗೇಟ್. ಹತ್ತಕ್ಕೆ ಫುಲ್ ಸ್ಪೀಡ್. ಅವನ ಫೋನ್ ಕೆಳಗೆ ಸಿಗುವುದಿಲ್ಲ. ಗಾರ್ಡ್ ಪಾಸ್ ಕೇಳಿದ. ಅತ್ತುಬಿಟ್ಟೆ. "ಮೇಡಂ, ರೋನೇ ಸೇ ಗೇಟ್ ನಹೀಂ ಖುಲ್ತಾ." ಅತ್ತರೆ ಗೇಟ್ ತೆರೆಯುವುದಿಲ್ಲವಂತೆ.

9.48
ಗಾರ್ಡ್ ಕೊನೆಗೂ ಕರಗಿದ. ಬರೆದುಕೊಡಿ, ಸಾಹೇಬರಿಗೆ ಮುಟ್ಟಿಸುತ್ತೇನೆ ಅಂದ. ಬ್ಯಾಗಿನಲ್ಲಿ ಈ ಡೈರಿ ಬಿಟ್ಟರೆ ಕಾಗದವಿಲ್ಲ. ಹಾಳೆ ಹರಿದು ಕೊಡುತ್ತೇನೆ.

ಸರ್, ದಯವಿಟ್ಟು ಫ್ಯಾನ್ ಶುರು ಮಾಡಬೇಡಿ. ಕೆಳಗೆ ಹನ್ನೆರಡು ಜನ ಇದ್ದಾರೆ. ರೆಕ್ಕೆ ಟೆಸ್ಟ್ ಮಾಡಿದವಳು ನಾನೇ. ನನ್ನ ರಿಪೋರ್ಟ್ ತಪ್ಪು. ಐವತ್ತು ಡಿಗ್ರಿಯಲ್ಲಿ ರಬ್ಬರ್ ಕೆಲಸ ಮಾಡು—

ಅಯ್ಯೋ. ಕನ್ನಡದಲ್ಲಿ ಬರೆಯುತ್ತಿದ್ದೇನೆ! ಇಲ್ಲಿ ಯಾರು ಓದುತ್ತಾರೆ... 9.53. ಇಂಗ್ಲಿಷ್‌ನಲ್ಲಿ, ಇನ್ನೊಂದು ಹಾಳೆ, ಬೇಗ